ಮೂಗಿಟ್ಟ ಮನೆ

ಊರಿನ ಆ ತುದಿಯಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರೋಣವೆಂದು ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಈ ತುದಿಯಲ್ಲಿ ಮೂಗಣ್ಣನ ಮೂಗಿಗೆ ಗಂಧಕದ ವಾಸನೆ ಬಡಿಯುತ್ತಿತ್ತು. ಯಾರಾದರೂ ಇದಕ್ಕೆ ಮೂಗು ಮುರಿದರೆ ಅವನೇ ಮೇಲೊಂದು ಸೇರಿಸುತ್ತಿದ್ದ. ನದಿಯಾಚೆಯ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದ್ದು ಬುಧವಾರ. ಇವನಿಗೆ ವಾಸನೆ ಬಂದದ್ದು ಮಂಗಳವಾರ. ಮ್ಯಾನೇಜರು ಖುದ್ದಾಗಿ ಮನೆ ಬಾಗಿಲಿಗೆ ಬಂದು ನಮಸ್ಕಾರ ಮಾಡಿ ಹೋಗಿದ್ದ. ಅದೂ ಇವನಿಗಲ್ಲ, ಬರೀ ಮೂಗಿಗೆ.

ಮನೆಗಳಿಗೆ ಒಲೆ, ಹೀಟರು, ಜನರೇಟರು ಕೂರಿಸುವುದು ಅವನ ಕಸುಬು. ಮೂವತ್ತು ವರ್ಷದ ಕಸುಬು. ಅವನ ಬಾಯಲ್ಲಿ ಮುನ್ನೂರು. ಬೇರೆ ಫಿಟ್ಟರುಗಳು ಗ್ಯಾಸಿನ ಕೊಳವೆ ಜೋಡಿಸಿದ ಮೇಲೆ ಪ್ರತಿ ಸಂದಿಗೂ ಸೋಪಿನ ನೀರು ಬಳಿಯುತ್ತಾರೆ. ಗುಳ್ಳೆ ಎದ್ದರೆ ಸೋರುತ್ತಿದೆ, ಏಳದಿದ್ದರೆ ಇಲ್ಲ. ಮೂಗಣ್ಣ ಅವರನ್ನೆಲ್ಲ 'ಪಾತ್ರೆ ತೊಳೆಯೋ ಪಾರ್ಟಿ' ಎಂದು ಕರೆಯುತ್ತಿದ್ದ. ಅವನದು ಬೇರೆಯೇ ಶೈಲಿ. ಕನ್ನಡಕ ತೆಗೆದು ಜೇಬಿಗಿಳಿಸಿ, ಕಣ್ಣು ಮುಚ್ಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಕೊಳವೆಯ ಉದ್ದಕ್ಕೂ ಮೂಗು ಹರಿಸಿಕೊಂಡು ಹೋಗಿ, ಕೊನೆಗೆ 'ಮೂಗಿಟ್ಟಾಯ್ತು' ಎನ್ನುತ್ತಿದ್ದ. ಆ ಮಾತು ಬಿದ್ದ ಮೇಲೆ ಮನೆಯವರು ನಿಶ್ಚಿಂತೆಯಿಂದ ಬೆಂಕಿ ಹಚ್ಚುತ್ತಿದ್ದರು.

ಅವನ ಅಕ್ಕನ ಮನೆಯಲ್ಲಂತೂ ಅದು ಗ್ಯಾಸಿನ ಮಾತಾಗಿ ಉಳಿದಿರಲಿಲ್ಲ. ಬಾಗಿಲಿಗೆ ಚಿಲಕ ಬಿತ್ತೋ ಎಂದು ಕೇಳಲೂ 'ಮೂಗಿಟ್ಟಾಯ್ತಾ', ಮಗಳು ಉತ್ತರಪತ್ರಿಕೆ ಒಪ್ಪಿಸುವ ಮುಂಚೆ ಒಮ್ಮೆ ತಿರುವಿ ಹಾಕಿದಳೋ ಎಂದು ಕೇಳಲೂ 'ಮೂಗಿಟ್ಟಾಯ್ತಾ'. ಆಯ್ತು ಅಂದರೆ ಮುಗಿಯಿತು. ಇನ್ನು ಯಾರೂ ಮತ್ತೆ ನೋಡುವ ಹಾಗಿಲ್ಲ.

ಆ ಮೂಗು ಸತ್ತು ಮೂರು ಚಳಿಗಾಲವಾಗಿತ್ತು.

ಎಂಟು ದಿನದ ಜ್ವರ. ಬೇರೆಯವರಿಗೆ ಬಂದಿದ್ದರೆ ಬರೀ ಜ್ವರ. ಇವನಿಗೆ ಬಂದದ್ದರ ಕಾವಿಗೆ ಥರ್ಮಾಮೀಟರಿನ ಪಾದರಸ ಕಿಟಕಿ ಹಾರಿ ಓಡಿತ್ತಂತೆ. ಒಂಬತ್ತನೆಯ ದಿನ ಎದ್ದು ಕಾಫಿ ಲೋಟಕ್ಕೆ ಮೂಗು ಹಿಡಿದರೆ ಒಳಗೆ ಬಂದದ್ದು ಬರೀ ಬಿಸಿ. ಸೋಪು, ಸೀಮೆಎಣ್ಣೆ, ತನ್ನದೇ ಬೆವರು, ಯಾವುದಕ್ಕೂ ಏನೂ ಇಲ್ಲ. ಡಾಕ್ಟರು ಕಾದು ನೋಡೋಣ ಅಂದರು. ಮೂಗಣ್ಣ ಕಾದ. ಯಾರಿಗೂ ಹೇಳಲಿಲ್ಲ. ಮೂಗೇ ಇಲ್ಲದ ಮೂಗಣ್ಣನನ್ನು ಊರು ಏನೆಂದು ಕರೆಯಬೇಕು? ಅಂದಿನಿಂದ ಅವನ ಕೈಚೀಲದಲ್ಲಿ ಕ್ಷೌರದ ಬಟ್ಟಲು, ಕ್ಷೌರದ ಬ್ರಷ್ಷು. ಮನೆಯವರು ಆಚೀಚೆ ಹೋದಾಗ ನೊರೆ ಕಲಸಿ ಸಂದಿಗಳಿಗೆ ಬಳಿದು ನೋಡುವುದು, ಒರೆಸುವುದು, ಅವರು ಬಂದ ಮೇಲೆ ಕಣ್ಣು ಮುಚ್ಚಿ ಮೂಗಿಡುವ ನಾಟಕ ಆಡುವುದು. ಪಾತ್ರೆ ತೊಳೆಯೋ ಪಾರ್ಟಿಗೆ ಅವನೂ ಸೇರಿದ್ದ, ಕಳ್ಳದಾರಿಯಲ್ಲಿ.

ಇಂಥ ಹೊತ್ತಿನಲ್ಲಿ ಅಕ್ಕ ಹೇಳಿಕಳಿಸಿದಳು.

ಭಾವ ಗಾಜಿನ ಕಾರ್ಖಾನೆಯಲ್ಲಿ ಊದುಗೊಳವೆ ಹಿಡಿದು ಬಾಳೆಲ್ಲ ಗಾಜು ಊದಿದ ಮನುಷ್ಯ. ಊದಿ ಊದಿ ಶ್ವಾಸಕೋಶ ಬರಿದಾಗಿ, ಈಗ ಮಂಚದ ಪಕ್ಕದ ಒಂದು ಮೆಷಿನ್ನು ಗಾಳಿಯಿಂದ ಆಮ್ಲಜನಕ ಸೋಸಿ ಕೊಟ್ಟರೆ ಉಸಿರುಂಟು, ಇಲ್ಲದಿದ್ದರೆ ಇಲ್ಲ. ಮೆಷಿನ್ನಿನಿಂದ ಹೊರಟ ತೆಳು ನಳಿಕೆ ಕಿವಿಗಳ ಮೇಲೆ ಹಾದು ಮೂಗಿನ ಎರಡೂ ಹೊಳ್ಳೆಗೆ ಹೋಗುತ್ತಿತ್ತು. ಕರೆಂಟಿದ್ದರೆ ಮೆಷಿನ್ನು, ಮೆಷಿನ್ನಿದ್ದರೆ ಭಾವ. ಕರೆಂಟು ಹೋದಾಗಿನ ಗತಿಗೆ ಒಂದು ಪುಟ್ಟ ಆಮ್ಲಜನಕದ ಸಿಲಿಂಡರು. ಅದರ ಆಯಸ್ಸು ಒಂದೂವರೆ ಗಂಟೆ. ಕಳೆದ ವರ್ಷ ಹಿಮ ಬಿದ್ದು ತಂತಿ ಹರಿದಾಗ ಕರೆಂಟು ಬಂದದ್ದು ಹತ್ತೊಂಬತ್ತು ಗಂಟೆಯ ಮೇಲೆ. ಆಗ ಭಾವನಿಗೆ ಮೆಷಿನ್ನು ಬೇಕಿರಲಿಲ್ಲ. ಈ ಸಲ ಬೇಕಿತ್ತು.

ಅಡಿಗೆಮನೆಯ ಮೇಜಿನ ಸುತ್ತ ಕೂತರು. ಅಕ್ಕನ ಮಗಳು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವಳು. ಗೆರೆ ಎಳೆಯದೆ ಅವಳಿಗೆ ಯೋಚನೆಯೇ ಬಾರದು. ದೊಡ್ಡ ಹಾಳೆ ಹರವಿ ಕಂಬಸಾಲು ಎಳೆದಿದ್ದಳು: ಮನೆ ಬೆಚ್ಚಗಾಗಲು ಏನು, ಮೆಷಿನ್ನು ಓಡಲು ಏನು.

"ಸೌದೆ ಒಲೆ ಹಾಕ್ಕೊಡು ಕಣೋ," ಅಂದಳು ಅಕ್ಕ, ಮೂಗು ಒರೆಸಿಕೊಳ್ಳುತ್ತ. ನೆಗಡಿಯಿಂದ ಅವಳ ಮಾತೆಲ್ಲ ಬಾವಿಯೊಳಗಿಂದ ಬಂದಂತಿತ್ತು. "ಬೆಂಕಿ ಕಣ್ಣಿಗೆ ಕಾಣತ್ತೆ. ಕಾಣೋದನ್ನ ನಂಬಬಹುದು."

"ಸೌದೆ ಅಂದ್ರೆ ಹೊಗೆ, ಬೂದಿ. ಅಪ್ಪಂಗೆ ಆಗಲ್ಲ. ಅಲ್ಲದೆ ಸೌದೆಯಿಂದ ಮೆಷಿನ್ ಓಡತ್ತಾ ಅಮ್ಮಾ?"

"ಓಡಿಸ್ತಾನೆ ಬಿಡು ನನ್ನ ಭಾಮೈದ," ಅಂದ ಭಾವ, ಎರಡು ಪದಕ್ಕೊಂದು ಉಸಿರು ತೆಗೆದುಕೊಳ್ಳುತ್ತ. "ಹಿಂದೆ ಬರೀ ಹೊಟ್ಟು ಉರಿಸಿ ರೈಲು ಓಡಿಸಿದ್ದನಲ್ಲ."

"ರೈಲಲ್ಲ ಭಾವ, ಹಡಗು," ಅಂದ ಮೂಗಣ್ಣ.

ಸೀಮೆಎಣ್ಣೆ ಹೀಟರಿನ ಹಬೆ ಭಾವನ ಎದೆಗೆ ಕೆಡುಕು, ಅದಕ್ಕೆ ಕಾಟು ಬಿತ್ತು. ಪೆಟ್ರೋಲು ಇಟ್ಟಲ್ಲೇ ಹಳಸುತ್ತದೆ, ಮನೆ ಹತ್ತಿರ ಇಡುವುದಕ್ಕೂ ಭಯ. ಡೀಸೆಲ್ಲು ಕಳೆದ ಚಳಿಗೆ ಬಸ್ ಡಿಪೋದ ಟ್ಯಾಂಕಿನಲ್ಲಿ ಮೇಣದ ಹಾಗೆ ಕಟ್ಟಿಕೊಂಡು ಹದಿನಾಲ್ಕು ಬಸ್ಸು ಮಲಗಿದ್ದವು. ಬ್ಯಾಟರಿ ಆರು ಗಂಟೆಗೆ ಕೈ ಎತ್ತುತ್ತದೆ. ಉಳಿದದ್ದು ಗ್ಯಾಸ್. ಸಿಲಿಂಡರಿನಲ್ಲಿ ಎಷ್ಟು ವರ್ಷ ಇಟ್ಟರೂ ಕೆಡದು, ಹೊಗೆಯಿಲ್ಲ, ಹೀಟರಿಗೂ ಆದೀತು, ಜನರೇಟರಿಗೂ ಆದೀತು.

ಮೂಗಣ್ಣನಿಗೆ ಬೇಡವಾಗಿದ್ದುದೂ ಅದೇ. ಬೇರೆಯವರ ಮನೆಯಲ್ಲಿ ನೊರೆ ಕಲಸಲು ಸಂದು ಸಿಗುತ್ತದೆ. ಇಲ್ಲಿ ಎಲ್ಲರ ಕಣ್ಣೂ ಇವನ ಮೂಗಿನ ಮೇಲೇ.

"ಗ್ಯಾಸ್ ಯಾಕೆ ಪುಟ್ಟಿ," ಅಂದ. "ನಾನು ಒಂದು ಉಫ್ ಅಂದ್ರೆ ಡೀಸೆಲ್ ಕರಗತ್ತೆ."

"ನಿಂಗೆ ಇಷ್ಟ ಇಲ್ದಿದ್ರೆ ಬಿಡು ಮಾವ. ಕಂಪನಿಯೋರನ್ನ ಕರೀತೀನಿ. ಅವರ ಹತ್ರ ಸೋರಿಕೆ ಹಿಡಿಯೋ ಮೀಟರ್ ಇದೆಯಂತೆ."

"ಮೀಟರಾ? ನನ್ನ ಮೂಗು ನೋಡಿಯೇ ಅವರು ಮೀಟರ್ ಕಂಡುಹಿಡಿದಿದ್ದು."

"ಯಾವ ಕಂಪನಿಯೋರೂ ಬೇಡ," ಅಂದಳು ಅಕ್ಕ. "ನನ್ನ ತಮ್ಮ ಮೂಗಿಟ್ರೆ ನಾನು ಕಣ್ಣು ಮುಚ್ಚಿ ಮಲಗ್ತೀನಿ."

ಅಲ್ಲಿಗೆ ಮಾತು ಮುಗಿಯಿತು.

ಎರಡು ದಿನದ ಕೆಲಸ. ಆಳೆತ್ತರದ ನಾಲ್ಕು ಸಿಲಿಂಡರು ಬೀದಿಯ ಕಡೆ, ಲಾರಿ ಬರುವಲ್ಲಿ. ಜನರೇಟರು ಹಿತ್ತಲಿನ ಶೆಡ್ಡಿನಲ್ಲಿ, ಅದರ ಹೊಗೆ ಕಿಟಕಿಗೆ ತಾಗದಷ್ಟು ದೂರ. ನಡುವೆ ಒಂದೇ ಕೊಳವೆ ಭಾವನ ಮಂಚವಿದ್ದ ಹಜಾರದ ಗೋಡೆಯ ಬುಡದಲ್ಲಿ ಹಾದು, ದಾರಿಯಲ್ಲಿ ಹೀಟರಿಗೆ ಒಂದು ಕವಲು ಕೊಟ್ಟು, ಹಿಂದಕ್ಕೆ ಹೋಗುತ್ತದೆ. ಒಂದು ಕೊಳವೆ, ಎರಡು ಕೆಲಸ. ಇಂಥ ಯೋಚನೆ ಭೂಮಿ ಹುಟ್ಟಿದಂದಿನಿಂದ ಯಾರಿಗೂ ಹೊಳೆದಿರಲಿಲ್ಲ ಎಂದು ಮೂಗಣ್ಣ ಹದಿನೇಳು ಸಲ ಹೇಳಿದ. ಹೇಳುತ್ತ, ಯಾರೂ ಇಲ್ಲದಾಗಲೆಲ್ಲ ಬಟ್ಟಲು ಹಿಡಿದು ಸಂದಿ ಸಂದಿಗೂ ನೊರೆ ಬಳಿದು ನೋಡಿದ. ಗುಳ್ಳೆ ಏಳಲಿಲ್ಲ.

"ದಿನಕ್ಕೆ ಎಷ್ಟು ಸಲ ಗಡ್ಡ ಕೆರ್ಕೋತೀಯೋ," ಅಂದಳು ಅಕ್ಕ. "ಹೆಣ್ಣು ನೋಡೋಕೆ ಹೊರಟಿದ್ದೀಯಾ ಈ ವಯಸ್ಸಲ್ಲಿ?"

"ನನ್ನ ಗಡ್ಡ ಗಂಟೆಗೆ ಗೇಣುದ್ದ ಬೆಳೆಯತ್ತೆ ಅಕ್ಕ."

ಎಲ್ಲ ಮುಗಿದ ಮೇಲೆ ಒಂದು ಸಣ್ಣ ತೊಡಕು ಉಳಿಯಿತು. ಭಾವನ ಮಂಚದ ಕಾಲಿನ ಬಳಿ ಅವನ ನಳಿಕೆ ಕೊಳವೆಯ ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. "ಇದನ್ನ ಮುಚ್ಚಿಬಿಡು ಮಾವ," ಅಂದಳು ಅಕ್ಕನ ಮಗಳು. ಮೂಗಣ್ಣ ಕೊಳವೆಯ ಮೇಲೆ ಒಂದು ಹಲಗೆಯಿಟ್ಟು, ಡಬ್ಬಿಯಲ್ಲಿ ಕೈಗೆ ಸಿಕ್ಕ ತಿರುಪುಗಳಿಂದ ಬಿಗಿದ. ಕೊನೆಯದು ಸ್ವಲ್ಪ ತಡೆಯಿತು. ಆನೆಯನ್ನು ಗೋಡೆಗೆ ತಿರುಪು ಹಾಕಿ ನಿಲ್ಲಿಸಬಲ್ಲ ಕೈ ಅದು. ಇನ್ನೊಂದು ಸುತ್ತು ಒತ್ತಿ ತಿರುಗಿಸಿದ. ಹೋಯಿತು. ಹಲಗೆಯ ಹಿಂದಕ್ಕೆ ಈಗ ಬ್ರಷ್ಷು ತೂರುವಂತಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಮೂಗಣ್ಣ ಕನ್ನಡಕ ತೆಗೆದು, ಕೈ ಬೆನ್ನಿಗೆ ಕಟ್ಟಿ, ಹಲಗೆಯ ಉದ್ದಕ್ಕೂ ಮೂಗು ಹರಿಸಿ, ಎದ್ದು ನಿಂತು ಹೇಳಿದ: "ಮೂಗಿಟ್ಟಾಯ್ತು."

ಮರುದಿನ ಬೆಳಗಾಗುವ ಹೊತ್ತಿಗೆ ಆಕಾಶ ಪಾತ್ರೆಯ ತಳದಂತೆ ಮಂಕಾಯಿತು. ಹಿಮ ಬೀಳತೊಡಗಿದ್ದು ಹತ್ತು ನಿಮಿಷದಲ್ಲಿ ಎದುರು ಮನೆಯನ್ನು ನುಂಗಿತು. ಮಧ್ಯಾಹ್ನ ಎರಡು ಗಂಟೆಗೆ ದೀಪ ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಅದರ ಜೊತೆಗೇ ಮೆಷಿನ್ನಿನ ಗುಂಯ್ಗುಟ್ಟುವಿಕೆ ನಿಂತಿತು. ಆ ಸದ್ದಿಗೆ ಕಿವಿಗಳು ಎಷ್ಟು ಒಗ್ಗಿಹೋಗಿದ್ದವೆಂದರೆ, ಅದು ನಿಂತಾಗ ಮನೆಯೇ ಉಸಿರು ಹಿಡಿದಂತಾಯಿತು.

ಅಕ್ಕ ನಳಿಕೆಯನ್ನು ಪುಟ್ಟ ಸಿಲಿಂಡರಿಗೆ ಜೋಡಿಸಿದಳು. ಅದರ ಮೀಟರಿನ ಮುಳ್ಳು ತುಂಬಿದ ಗುರುತಿನಲ್ಲಿತ್ತು. ಇಳಿಯಲು ಶುರುವಾಯಿತು.

"ಇದಕ್ಕೇ ಅಲ್ವಾ ಮಾಡ್ಸಿದ್ದು," ಅಂದ ಮೂಗಣ್ಣ. ಹೊರಗೆ ಹೋಗಿ ಸೊಂಟದೆತ್ತರದ ಹಿಮದಲ್ಲಿ ಈಜಿ ಗ್ಯಾಸ್ ಸಿಲಿಂಡರಿನ ವಾಲ್ವಿನ ಕೀಲಿ ತಿರುಗಿಸಿ ಬಂದ. ಸೊಂಟದೆತ್ತರ ಅವನ ಅಳತೆ, ಮೊಣಕಾಲಿನವರೆಗಿತ್ತು. "ಮೊದಲು ಹೀಟರ್ ಹಚ್ಚೋಣ. ಕೊಳವೆ ತುಂಬಿದೆ ಅಂತ ಗೊತ್ತಾಗತ್ತೆ. ಆಮೇಲೆ ಜನರೇಟರು."

ಅಕ್ಕನ ಮಗಳು ಮಂಚದ ಬಳಿ ನಿಂತಿದ್ದಳು. "ಮಾವ, ಏನೋ ವಾಸನೆ ಬರ್ತಿದೆಯಲ್ಲ."

"ಹೊಸ ರಬ್ಬರಿಂದು."

"ಕೊಳೆತ ಕೋಸಿನ ಥರ ಇದೆ."

"ಹೊಸ ರಬ್ಬರು ಹಾಗೇ ಇರತ್ತೆ. ಗ್ಯಾಸಾಗಿದ್ರೆ ನನ್ನ ಮೂಗು ನಿನ್ನೆ ರಾತ್ರಿಯೇ ನನ್ನನ್ನ ಹಾಸಿಗೆಯಿಂದ ಎಬ್ಬಿಸಿರೋದು." ಸಂದಿಗಳಿಗೆಲ್ಲ ನೊರೆ ಬಳಿದಿದ್ದ, ಒಂದರಲ್ಲೂ ಗುಳ್ಳೆ ಎದ್ದಿರಲಿಲ್ಲ, ಅವನಿಗೆ ನಂಬಿಕೆಯಿತ್ತು. ಅಥವಾ ನಂಬಿಕೆಯಂತೆ ಕಾಣುವ ಏನೋ ಒಂದಿತ್ತು.

"ಸರಿ," ಅಂದಳು ಅವಳು. ತನ್ನ ಮೂಗಿಗೆ ಬಡಿದದ್ದನ್ನು ಅವಳು ಅಷ್ಟು ಸುಲಭವಾಗಿ ಕೈಬಿಟ್ಟಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ವಾಸನೆ ಎಂದರೆ ಮಾವ ಹೇಳಿದ್ದು. "ಮೂಗಿಟ್ಟಾಯ್ತು ತಾನೆ?"

"ಆಯ್ತು."

ಅವಳು ಹೀಟರಿನ ಮುಂದೆ ಮಂಡಿಯೂರಿ ಕೂತಳು. ಕಿಡಿ ಹೊಡೆಯುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಹಾಗೆ ಕೂತಾಗ ಅವಳ ಮುಖ ನೆಲಕ್ಕೆ ಒಂದು ಗೇಣು ಸಮೀಪ ಬಂತು.

ಮೂಗು ಹೋದ ಮೇಲೆ ಮೂಗಣ್ಣ ಊರಿನ ಮುಖಗಳನ್ನೇ ಮೂಗು ಮಾಡಿಕೊಂಡಿದ್ದ. ಹಾಲು ಹುಳಿಯಾದಾಗ ಯಾರ ಮೇಲ್ತುಟಿ ಎತ್ತ ಸರಿಯುತ್ತದೆ, ಸೀದದ್ದಕ್ಕೆ ಯಾರ ಹುಬ್ಬು ಹೇಗೆ ಗಂಟಿಡುತ್ತದೆ, ಎಲ್ಲ ಬಾಯಿಪಾಠ. ಈಗ ನೋಡಿದ: ಅವಳ ಹೊಳ್ಳೆಗಳು ಮೊದಲು ಅಗಲವಾಗಿ, ಆಮೇಲೆ ಬಿಗಿದುಕೊಂಡವು; ಗಂಟಲು ಒಮ್ಮೆ ಒಳಕ್ಕೆ ಎಳೆಯಿತು. ರಬ್ಬರಿಗೆ ಯಾರೂ ಹಾಗೆ ಮಾಡುವುದಿಲ್ಲ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಮೇಲೇಳುವುದಿಲ್ಲ, ನೀರಿನ ಹಾಗೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅವಳು ಅದರೊಳಗೆ ಮುಖ ಅದ್ದಿ ಕೂತಿದ್ದಳು. ಅವನ ಪಾದಗಳೂ ಅದರೊಳಗೇ ಇದ್ದವು.

ಅವನ ಕೈ ಹೋಗಿ ಅವಳ ಮಣಿಕಟ್ಟು ಹಿಡಿಯಿತು.

"ತೆಗಿ ಬೆರಳು," ಅಂದ, ಬಹಳ ಮೆಲ್ಲಗೆ. "ಅಕ್ಕಾ, ಹೊರಗೆ ಹೋಗಿ ಕೀಲಿ ಬಂದ್ ಮಾಡು. ಎರಡೂ ಬಾಗಿಲು ತೆಗಿ. ಯಾವ ಸ್ವಿಚ್ಚೂ ಮುಟ್ಬೇಡಿ."

ಬಾಗಿಲು ತೆಗೆದಾಗ ಚಳಿ ಒಳಗೆ ನಡೆದು ಬಂತು. ಅಕ್ಕ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಗಂಡನ ಮೇಲೆ ಹೇರಿದಳು. ಮೂಗಣ್ಣನ ನಾಲಿಗೆಗೆ ಆ ಹೊತ್ತಿಗಾಗಲೇ ಜೀವ ಬಂದಿತ್ತು. "ಕೊನೇ ಗಳಿಗೆಯಲ್ಲಿ ನನ್ನ ಮೂಗು ಹಿಡೀತು ನೋಡು. ಬೇರೆ ಮೂಗಾಗಿದ್ರೆ ಈ ಮನೆ ಇವತ್ತು ಮೋಡದ ಮೇಲೆ."

"ಎಲ್ಲಿ ಸೋರ್ತಿದೆ ಮಾವ?"

ಅವನು ಚೀಲದಲ್ಲಿ ಸ್ಪ್ಯಾನರು ಹುಡುಕತೊಡಗಿದ.

ಭಾವನ ಪುಟ್ಟ ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಜನರೇಟರಿಗೆ ಗ್ಯಾಸ್ ಹೋಗಬೇಕಾದರೆ ಈ ಹಜಾರವನ್ನು ಹಾದೇ ಹೋಗಬೇಕು. ಒಂದು ಕೊಳವೆ, ಎರಡು ಕೆಲಸ. ಸೋರುವ ಜಾಗ ಸಿಗುವವರೆಗೆ ಜನರೇಟರಿಲ್ಲ. ಆಳೆತ್ತರದ ಸಿಲಿಂಡರನ್ನು ಈ ಹಿಮದಲ್ಲಿ ಹಿತ್ತಲಿಗೆ ಎಳೆದುಕೊಂಡು ಹೋಗಲು ನಾಲ್ಕು ಜನ ಬೇಕು. ಆಂಬುಲೆನ್ಸಿಗೆ ಫೋನು ಮಾಡಿದ್ದಾಯಿತು. ರಸ್ತೆ ತೆರೆದ ಮೇಲೆ ಬರುತ್ತೇವೆ ಅಂದರು.

ಗಾಳಿ ತಿಳಿಯಾದ ಮೇಲೆ, ಸೋರುವ ಜಾಗ ಪತ್ತೆಯಾಗಲೆಂದು, ಅಕ್ಕ ಕೀಲಿಯನ್ನು ಕೂದಲೆಳೆಯಷ್ಟು ತೆರೆದು ಅಲ್ಲೇ ಕಾವಲು ನಿಂತಳು. ಅಕ್ಕನ ಮಗಳು ಒಂದೆರಡು ಸಲ ಮೂಸಿ ತಲೆಯಾಡಿಸಿದಳು. "ನಂಗೆ ಎಲ್ಲಾ ಕಡೆಯಿಂದ ಬಂದಂಗೆ ಆಗ್ತಿದೆ. ಮೂಗು ತುಂಬಿಹೋಗಿದೆ. ನೀನೇ ಹುಡುಕು ಮಾವ. ಕಣ್ಣು ಮುಚ್ಕೊಂಡು ಹುಡುಕ್ತೀಯಲ್ಲ, ಹಾಗೆ."

ಮೂಗಣ್ಣ ಕನ್ನಡಕ ತೆಗೆದ. ಕಣ್ಣು ಮುಚ್ಚಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ. ಮೊಣಕಾಲ ಮೇಲೆ ನಡೆದು ಹೀಟರಿನ ಕವಲಿನಿಂದ ಹಿಡಿದು ಗೋಡೆಯ ಬುಡದುದ್ದಕ್ಕೂ ಮೂಗು ಹರಿಸಿದ. ಒಳಗೆ ಬರುತ್ತಿದ್ದುದು ಬರೀ ಚಳಿ. ಹಿತ್ತಲ ಬಾಗಿಲವರೆಗೆ ಹೋದ; ತಿರುಗಿ ಬಂದ. ಗೋಡೆ ಗಡಿಯಾರದ ಸದ್ದು ಒಂದೊಂದೇ ಬಿಡಿಯಾಗಿ ಕೇಳುತ್ತಿತ್ತು. ಎಲ್ಲೋ ಒಂದು ಕಡೆ ನಿಲ್ಲಲೇಬೇಕಿತ್ತು. ಹೀಟರಿನ ಕವಲಿನ ಬಳಿ ನಿಂತು ಬೆರಳು ತೋರಿಸಿದ.

"ಇಲ್ಲೇ. ನನ್ನ ಮೂಗಿನ ಆಣೆ."

ಸ್ಪ್ಯಾನರು ಹಿಡಿದು ಬಿಗಿದ. ಅದು ಆಗಲೇ ಬಿಗಿಯಾಗಿತ್ತು. ಇನ್ನೂ ಬಿಗಿದ.

"ಭಾಮೈದ," ಅಂತು ಮಂಚದ ಕಡೆಯಿಂದ ಒಂದು ಧ್ವನಿ.

ಭಾವ ಕಂಬಳಿಗಳಿಂದ ಅರ್ಧ ಎದ್ದು ಕೂತಿದ್ದ. ಎರಡು ಬೆರಳಲ್ಲಿ ನಳಿಕೆಯನ್ನು ಹೊಳ್ಳೆಗಳಿಂದ ಕಿತ್ತು ಗಲ್ಲದ ಕೆಳಗೆ ಹಿಡಿದಿದ್ದ. ತುಟಿ ನೀಲಿಗೆ ತಿರುಗುತ್ತಿತ್ತು. ಮಂಚದ ಅಂಚಿಗೆ ತಲೆ ಬಗ್ಗಿಸಿ, ಬಾಳೆಲ್ಲ ಗಾಜು ಊದಿದ ಆ ಮನುಷ್ಯ, ಇದ್ದ ಒಂದು ಉಸಿರನ್ನು ಮೂಗಿನಿಂದ ಒಳಗೆಳೆದ.

"ಇಲ್ಲಿದೆ," ಅಂದ. "ನನ್ನ ಕಾಲ ಹತ್ರ. ಹಲಗೆ ಹಿಂದೆ. ನೀನು ಎರಡು ಸಲ... ಇದರ ಮುಂದೇ ಹೋದೆಯಲ್ಲೋ."

ಮಗಳು ಓಡಿಹೋಗಿ ನಳಿಕೆಯನ್ನು ಮತ್ತೆ ಅವನ ಮೂಗಿಗೆ ಸಿಕ್ಕಿಸಿದಳು. ಆಮೇಲೆ ಹಲಗೆಯ ಬಳಿ ಬಗ್ಗಿ ಮೂಸಿ, ಮುಖ ಹಿಂದಕ್ಕೆಳೆದುಕೊಂಡಳು. ತಿರುಗಿ ಮಾವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅಳತೆಯಿತ್ತು, ತಪ್ಪಿದ ನಕ್ಷೆಯನ್ನು ನೋಡುವಾಗಿನಂಥದ್ದು.

"ನಿಂಗೆ ವಾಸನೆ ಬರಲ್ಲ," ಅಂದಳು.

ಮೂಗಣ್ಣನ ನಾಲಿಗೆ ತುದಿಗೆ ಮೂರು ಉತ್ತರ ಬಂದವು, ಒಂದಕ್ಕಿಂತ ಒಂದು ದೊಡ್ಡವು. ಅವನು ಭಾವನ ಸಿಲಿಂಡರಿನ ಮುಳ್ಳನ್ನು ನೋಡಿದ.

"ಇಲ್ಲ," ಅಂದ. "ಅಮ್ಮಂಗೆ ಕೀಲಿ ಪೂರಾ ಬಂದ್ ಮಾಡೋಕೆ ಹೇಳು. ಆ ಸ್ಕ್ರೂಡ್ರೈವರ್ ಕೊಡು."

ತಿರುಪುಗಳು ಒಂದೊಂದಾಗಿ ಹೊರಬಂದವು. ಕೊನೆಯದು ಉಳಿದವುಗಳಿಗಿಂತ ಉಗುರಿನಷ್ಟು ಉದ್ದವಿತ್ತು. ಹಲಗೆ ಕಳಚಿದಾಗ ಕೊಳವೆಯ ಹೊಟ್ಟೆಯಲ್ಲಿ ಸೂಜಿಮೊನೆಯಂಥ ತೂತು. ಅವನು ಆ ತುಂಡನ್ನು ಕತ್ತರಿಸಿ ಹೊಸದನ್ನು ಸೇರಿಸಿದ. ಅವನ ಕೈ ಯಾವತ್ತೂ ಸುಳ್ಳು ಹೇಳಿರಲಿಲ್ಲ. ಆ ದಿನವೂ ಹೇಳಲಿಲ್ಲ. ಕೀಲಿ ಮತ್ತೆ ತೆರೆಸಿ, ಕೈಚೀಲದಿಂದ ಬಟ್ಟಲು ತೆಗೆದು ಎಲ್ಲರ ಎದುರಿಗೇ ನೊರೆ ಬಳಿದ. ಗುಳ್ಳೆ ಏಳಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಕ್ಷೌರದ ಬ್ರಷ್ಷನ್ನು ನೋಡುತ್ತಿದ್ದಳು. ಮುಳ್ಳು ಕೆಂಪು ಗೆರೆಗೆ ತಾಗಿ ಕೆಳಗಿಳಿದಾಗ ಹಿತ್ತಲಿನಲ್ಲಿ ಜನರೇಟರು ಎರಡು ಸಲ ಕೆಮ್ಮಿ ಹಿಡಿಯಿತು. ಮೆಷಿನ್ನು ಮತ್ತೆ ಗುಂಯ್ಗುಟ್ಟಿತು. ಭಾವನ ತುಟಿಯ ಬಣ್ಣ ತಿರುಗಲು ಬಹಳ ಹೊತ್ತು ಹಿಡಿಯಿತು.

ಹೀಟರು ಹಚ್ಚಿ ಎಲ್ಲರೂ ಅದರ ಮುಂದೆ ಕೂತರು.

"ಎಷ್ಟು ದಿನದಿಂದ?" ಅಂದಳು ಅಕ್ಕನ ಮಗಳು.

"ಆ ಜ್ವರ ಬಂತಲ್ಲ, ಆವಾಗಿಂದ. ಮೂರು ಚಳಿಗಾಲ."

"ಅದಕ್ಕೂ ಮುಂಚೆ? ಆ ಕಾರ್ಖಾನೆ, ಮ್ಯಾನೇಜರು?"

"ಯಾವ ಮ್ಯಾನೇಜರೂ ಬಂದಿರಲಿಲ್ಲ. ಮೂಗೇನೋ ಇತ್ತು ಕಣೇ. ಎಲ್ಲರಿಗೂ ಇರೋ ಅಷ್ಟೇ ಇತ್ತು."

ಅವಳು ಉರಿಯನ್ನು ನೋಡಿದಳು. ನೀಲಿ ಉರಿ, ಸದ್ದಿಲ್ಲದ್ದು. ಹೊರಗೆ ಬೀದಿಯೆಲ್ಲ ಕತ್ತಲಾಗಿತ್ತು. ಕರೆಂಟಿಲ್ಲದ ಊರಿನಲ್ಲಿ ಈ ಹೊತ್ತಿಗೆ ಮನೆ ಮನೆಯಲ್ಲೂ ಹೀಟರಿಗೆ ಕಿಡಿ ತಾಗಿಸುತ್ತಿರುತ್ತಾರೆ. ಅವಳು ಎದ್ದು ಹೋಗಿ ಫೋನನ್ನೂ ಪೆನ್ಸಿಲನ್ನೂ ತಂದಳು.

"ಈ ಮೂರು ಚಳಿಗಾಲದಲ್ಲಿ ಎಷ್ಟು ಮನೆಗೆ ಮೂಗಿಟ್ಟೆ ಮಾವ?"

ಮುನ್ನೂರು ಎಂಬ ಸಂಖ್ಯೆ ಅವನ ಬಾಯಲ್ಲಿ ತಾನಾಗಿಯೇ ಬಂದು ಕೂತಿತು. ಅವನು ಅದನ್ನು ನುಂಗಿದ.

"ಸಂದಿಗೆಲ್ಲ ನೊರೆ ಹಾಕಿದ್ದೀನಿ. ಎಲ್ಲಾ ಮನೆಗೂ. ಆದ್ರೆ ಆಮೇಲೆ ಮೇಲೆ ಹಲಗೆ ಹೊಡೆದು, ಬರೀ ಮೂಗಿಟ್ಟು ಬಂದಿದ್ದು..." ಬೆರಳು ಮಡಚಿ ಎಣಿಸಿದ, ಎರಡು ಸಲ ಎಣಿಸಿದ. "ಹದಿನಾರು. ಹೇಳ್ತೀನಿ, ಬರ್ಕೋ. ಮೊದಲು ಸ್ಕೂಲಿನ ಹಿಂದಿನ ಮನೆಗೆ ಮಾಡು. ಅಲ್ಲಿ ಅವಳಿ ಕೂಸುಗಳಿವೆ. ತೊಟ್ಟಿಲು ಬೇಡ ಅಂತ ನೆಲದ ಮೇಲೇ ಮಲಗಿಸ್ತಾರೆ."